ಸೈಕಲ್‌ಗೆ ಕಾರು ಡಿಕ್ಕಿಯಾದ ಮೇಲೆ ಸಮಗ್ರ ಚೇತರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಿಂದ ಸುರತ್ಕಲ್, ಪಡುಬಿದ್ರಿ, ಕಾಪು ದಾಟಿ ಉಡುಪಿಗೆ ಬರುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸೈಕಲ್ ತುಳಿಯುವವರು ಒಂದೇ ಬಗೆಯವರಲ್ಲ. ಭಾನುವಾರ ಬೆಳಿಗ್ಗೆ ಗೇರ್ ಸೈಕಲ್ ಏರಿ ಹೊರಡುವ ಉದ್ಯೋಗಿಗಳಿದ್ದಾರೆ, ಮಲ್ಪೆ ಬಂದರಿಗೋ ಬೈಕಂಪಾಡಿಯ ಕಾರ್ಖಾನೆಗೋ ಹಳೆಯ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರಿದ್ದಾರೆ, ಶಾಲೆಗೆ ಹೋಗುವ ಮಕ್ಕಳೂ ಇದ್ದಾರೆ. ಕಾರು ಬಡಿದಾಗ ಇವರೆಲ್ಲರ ಮೈಗೆ ಬೀಳುವ ಪೆಟ್ಟು ಹೆಚ್ಚುಕಡಿಮೆ ಒಂದೇ ತೆರನಾದರೂ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ದಿನಗಳು ಒಂದೇ ತೆರನಾಗಿರುವುದಿಲ್ಲ. ಆ ದಿನಗಳಲ್ಲಿ ಗಾಯಾಳುಗಳೂ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇದು ಸಾಮಾನ್ಯ ಮಾಹಿತಿ. ನಿಮ್ಮನ್ನು ಪರೀಕ್ಷಿಸಿದ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತನ್ನೇ ಪಾಲಿಸಬೇಕು.

ಸಮಗ್ರ ಚೇತರಿಕೆ ಎಂದರೆ ಅಲೋಪತಿ, ಆಯುರ್ವೇದ, ಯೋಗ ಎಲ್ಲವನ್ನೂ ಒಟ್ಟಿಗೆ ಮಾಡಿಸುವುದೇ?

ಅಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ಬಹಳಷ್ಟು ತೊಂದರೆಗಳು ಹುಟ್ಟುತ್ತವೆ. ಎಲುಬು ಕೂಡುವುದು ಒಂದು, ಮನುಷ್ಯ ಚೇತರಿಸಿಕೊಳ್ಳುವುದು ಇನ್ನೊಂದು. ಎಕ್ಸರೇಯಲ್ಲಿ ಎಲುಬು ಕೂಡಿದೆ ಎಂದು ಕಂಡ ದಿನವೂ ಸ್ನಾಯು ಸೊರಗಿರಬಹುದು, ನಿದ್ದೆ ಕೆಟ್ಟಿರಬಹುದು, ಕಾರಿನ ಹಾರ್ನ್ ಕೇಳಿದರೆ ಎದೆ ಹೊಡೆದುಕೊಳ್ಳುತ್ತಿರಬಹುದು, ಕೆಲಸ ಕೈತಪ್ಪಿರಬಹುದು, ಪರಿಹಾರದ ಕಾಗದಪತ್ರ ಎಲ್ಲೋ ನಿಂತುಹೋಗಿರಬಹುದು. ಇವೆಲ್ಲವನ್ನೂ ಒಟ್ಟಾಗಿ ನೋಡಿ, ಯಾವುದನ್ನು ಯಾವಾಗ ಮಾಡಬೇಕೆಂಬ ಕ್ರಮ ಹಾಕಿಕೊಳ್ಳುವುದನ್ನೇ ಸಮಗ್ರ ಚೇತರಿಕೆ ಎನ್ನಬೇಕು. ಕ್ರಮ ತಪ್ಪಿದರೆ ಒಳ್ಳೆಯ ಚಿಕಿತ್ಸೆಯೂ ಕೆಡುಕು ಮಾಡುತ್ತದೆ. ಎರಡು ತಿಂಗಳ ಮೇಲೆ ಹಿತವೆನಿಸುವ ಎಣ್ಣೆಯ ಮಾಲೀಶು ಎರಡನೆಯ ದಿನ ಅಪಾಯಕಾರಿ. ಮೊದಲ ದಿನಗಳಲ್ಲಿ ಬೇಕಾದ ವಿಶ್ರಾಂತಿ ಎರಡು ತಿಂಗಳ ಮೇಲೂ ಮುಂದುವರಿದರೆ ಅದರಿಂದಲೇ ಗಂಟುಗಳು ಬಿಗಿದುಕೊಳ್ಳುತ್ತವೆ. ಗದ್ದೆ ಹದವಾಗುವ ಮೊದಲೇ ನೇಜಿ ನೆಟ್ಟು ಆಮೇಲೆ ಬೀಜವನ್ನು ಬೈದರೆ ಪ್ರಯೋಜನವಿಲ್ಲ.

ಮನೆಯಲ್ಲಿ ಒಬ್ಬರು ಒಂದು ಪುಸ್ತಕ ಇಟ್ಟುಕೊಂಡು ಔಷಧ, ದಿನಾಂಕ, ವೈದ್ಯರು ಹೇಳಿದ್ದು, ಮುಂದಿನ ಭೇಟಿಯಲ್ಲಿ ಕೇಳಬೇಕಾದದ್ದು ಇವನ್ನೆಲ್ಲ ಬರೆದಿಡುವುದು ಒಳ್ಳೆಯದು. ಮೂಳೆ ವೈದ್ಯರು, ಫಿಸಿಯೋಥೆರಪಿಸ್ಟ್, ಆಯುರ್ವೇದ ವೈದ್ಯರು ಒಬ್ಬರನ್ನೊಬ್ಬರು ಭೇಟಿಯಾಗುವುದಿಲ್ಲ. ಅವರ ನಡುವೆ ಓಡಾಡುವುದು ಆ ಪುಸ್ತಕ ಮಾತ್ರ.

ಡಿಕ್ಕಿಯಾದ ಕೂಡಲೇ ಎದ್ದು ನಿಂತೆ, ಏನೂ ಆಗಿಲ್ಲ ಅನಿಸಿತು. ಆದರೂ ಆಸ್ಪತ್ರೆಗೆ ಹೋಗಲೇಬೇಕೆ?

ಹೋಗಬೇಕು, ಅದೂ ಅದೇ ದಿನ. ಗಾಬರಿಯಲ್ಲಿ ದೇಹವು ನೋವನ್ನು ಕೆಲವು ಗಂಟೆ ಅಡಗಿಸಿಡುತ್ತದೆ. ಸೈಕಲ್‌ನ ಹ್ಯಾಂಡಲ್ ಹೊಟ್ಟೆಗೆ ತಗುಲಿದವರಲ್ಲಿ ಗುಲ್ಮ ಅಥವಾ ಯಕೃತ್ತಿಗೆ ಆದ ಗಾಯ ತಡವಾಗಿ ತೋರಿಕೊಳ್ಳುವುದುಂಟು. ತಲೆಬುರುಡೆಯೊಳಗಿನ ರಕ್ತಸ್ರಾವವೂ ಹಾಗೆಯೇ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್, ಕೈಕಾಲಿನ ಬಲಹೀನತೆ, ಕಿವಿ ಅಥವಾ ಮೂಗಿನಿಂದ ತಿಳಿನೀರು ಸೋರುವುದು, ಹೊಟ್ಟೆ ಬಿಗಿಯುವುದು, ಎಡಭುಜದ ತುದಿಯಲ್ಲಿ ಕಾರಣವಿಲ್ಲದ ನೋವು, ಮೂತ್ರದಲ್ಲಿ ರಕ್ತ, ಉಸಿರಾಟದ ಕಷ್ಟ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಕುತ್ತಿಗೆ ಅಥವಾ ಬೆನ್ನುಮೂಳೆಯಲ್ಲಿ ನೋವಿರುವವರನ್ನು ಎತ್ತಿ ರಿಕ್ಷಾದಲ್ಲಿ ಕೂರಿಸುವ ನಮ್ಮೂರಿನ ಒಳ್ಳೆಯತನದಿಂದ ಕೆಲವೊಮ್ಮೆ ಸರಿಪಡಿಸಲಾಗದ ಹಾನಿಯಾಗುತ್ತದೆ. ಆಂಬುಲೆನ್ಸ್ ಬರುವವರೆಗೆ ಅಲುಗಾಡಿಸದೆ ಮಲಗಿಸಿಡುವುದೇ ಸರಿ. ಸಹಾಯ ಮಾಡಿದವರಿಗೆ ಪೊಲೀಸ್ ಕಿರಿಕಿರಿಯಾದೀತೆಂಬ ಅಂಜಿಕೆಯೂ ಬೇಡ; 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅಂಥವರಿಗೆ ರಕ್ಷಣೆ ಕೊಡುತ್ತದೆ.

ಹಂಪನಕಟ್ಟೆಯ ವೆನ್‌ಲಾಕ್ ಜಿಲ್ಲಾಸ್ಪತ್ರೆ, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹೀಗೆ ಎಲ್ಲಿಗೆ ಹೋದರೂ ಇದು ರಸ್ತೆ ಅಪಘಾತವೆಂದು ಸ್ಪಷ್ಟವಾಗಿ ಹೇಳಿ, ಎಂಎಲ್‌ಸಿ ಎಂದು ಕರೆಯುವ ವೈದ್ಯಕೀಯ-ಕಾನೂನು ದಾಖಲೆ ಮಾಡಿಸಿಕೊಳ್ಳಬೇಕು. "ಸೈಕಲ್‌ನಿಂದ ಬಿದ್ದೆ" ಎಂದಷ್ಟೇ ಬರೆಸಿದರೆ ಮುಂದೆ ಪರಿಹಾರ ಕೇಳುವಾಗ ಆ ಒಂದು ಸಾಲೇ ಅಡ್ಡ ನಿಲ್ಲುತ್ತದೆ.

ತಲೆಯ ಸ್ಕ್ಯಾನ್ ಸರಿಯಾಗಿದೆ ಎಂದರು. ಆದರೂ ತಲೆ ಭಾರ, ಮರೆವು, ಸಿಟ್ಟು ಹೋಗಿಲ್ಲ. ಏಕೆ?

ಸಿಟಿ ಸ್ಕ್ಯಾನ್ ರಕ್ತಸ್ರಾವವನ್ನೂ ಬುರುಡೆಯ ಮುರಿತವನ್ನೂ ತೋರಿಸುತ್ತದೆ; ಮಿದುಳು ಅಲುಗಾಡಿದ್ದರಿಂದ ಅದರ ಕೆಲಸದಲ್ಲಿ ಆಗುವ ಏರುಪೇರನ್ನು ತೋರಿಸುವುದಿಲ್ಲ. ಕನ್ಕಷನ್ ಎನ್ನುವುದು ಇದನ್ನೇ. ಮೊದಲ 24ರಿಂದ 48 ಗಂಟೆ ವಿಶ್ರಾಂತಿ ಬೇಕು, ಆ ಅವಧಿಯಲ್ಲಿ ಮೊಬೈಲ್ ನೋಡುವುದನ್ನು ಆದಷ್ಟು ತಗ್ಗಿಸಬೇಕು. ಅದಾದ ಮೇಲೆ ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸಿಡುವ ಹಳೆಯ ಪದ್ಧತಿ ಈಗಿಲ್ಲ. ತಲೆನೋವು ಹೆಚ್ಚಾಗದಷ್ಟು ಅಂಗಳದಲ್ಲಿ ನಡೆಯುವುದು, ಸ್ವಲ್ಪ ಸ್ವಲ್ಪವಾಗಿ ಓದು, ಆಮೇಲೆ ಕೆಲಸ ಅಥವಾ ಶಾಲೆ, ಎಲ್ಲಕ್ಕೂ ಕೊನೆಗೆ ಸೈಕಲ್ ಎಂಬ ಏರಿಕೆಯ ಕ್ರಮ ಒಳ್ಳೆಯದು. ಹೆಚ್ಚಿನ ವಯಸ್ಕರು ಎರಡು ವಾರಗಳಲ್ಲಿ, ಮಕ್ಕಳು ನಾಲ್ಕು ವಾರಗಳಲ್ಲಿ ಸುಧಾರಿಸುತ್ತಾರೆ. ಅದನ್ನು ಮೀರಿದರೆ ನರರೋಗ ತಜ್ಞರನ್ನು ಕಾಣಬೇಕು. ಪೂರ್ತಿ ಗುಣವಾಗುವ ಮೊದಲು ತಲೆಗೆ ಇನ್ನೊಂದು ಪೆಟ್ಟು ಬೀಳುವುದು ಮೊದಲಿನದಕ್ಕಿಂತ ಬಹಳ ಅಪಾಯಕಾರಿ. ಮದ್ಯ ವರ್ಜ್ಯ.

ಎಕ್ಸರೇಯಲ್ಲಿ ಏನೂ ಇಲ್ಲವೆಂದರು, ಆದರೆ ಮಣಿಕಟ್ಟಿನ ನೋವು ಹೋಗುತ್ತಿಲ್ಲ.

ಬೀಳುವಾಗ ಅಂಗೈ ಊರುವುದು ಎಲ್ಲರ ಸಹಜ ಪ್ರತಿಕ್ರಿಯೆ. ಆಗ ಹೆಬ್ಬೆರಳಿನ ಬುಡದಲ್ಲಿರುವ ಸ್ಕ್ಯಾಫಾಯ್ಡ್ ಎಂಬ ಪುಟ್ಟ ಎಲುಬು ಬಿರುಕು ಬಿಡುವುದುಂಟು, ಮತ್ತು ಆ ಬಿರುಕು ಮೊದಲ ದಿನದ ಎಕ್ಸರೇಯಲ್ಲಿ ಕಾಣದೆ ಹೋಗುವುದುಂಟು. ಹೆಬ್ಬೆರಳನ್ನು ಅಗಲಿಸಿದಾಗ ಅದರ ಬುಡದಲ್ಲಿ ಮೂಡುವ ಗುಳಿಯನ್ನು ಒತ್ತಿದರೆ ನೋವಾಗುತ್ತದೆಯೇ ನೋಡಿ. ನೋವಾದರೆ 10ರಿಂದ 14 ದಿನಗಳ ಬಳಿಕ ಮತ್ತೊಂದು ಎಕ್ಸರೇ ಅಥವಾ ಎಂಆರ್‌ಐ ಬೇಕಾಗುತ್ತದೆ. ಈ ಎಲುಬಿಗೆ ರಕ್ತ ಪೂರೈಕೆ ಕಡಿಮೆ; ಉಳುಕೆಂದು ತಿಳಿದು ಬಿಟ್ಟರೆ ಅದು ಕೂಡದೆ ಉಳಿದು, ವರ್ಷಗಳ ಮೇಲೆ ಮಣಿಕಟ್ಟೇ ಸವೆದುಹೋಗಬಹುದು.

ಎಲುಬು ಕೂಡಲು ಎಷ್ಟು ಕಾಲ ಬೇಕು?

ಸೈಕಲ್‌ನಿಂದ ಬಿದ್ದವರಲ್ಲಿ ಬಹಳ ಸಾಮಾನ್ಯವಾಗಿ ಮುರಿಯುವುದು ಕಾಲರ್ ಬೋನ್ ಎಂದು ಎಲ್ಲರೂ ಕರೆಯುವ ಕೊರಳೆಲುಬು. ವಯಸ್ಕರಲ್ಲಿ ಅದಕ್ಕೆ ಸುಮಾರು 6ರಿಂದ 12 ವಾರ. ಪಕ್ಕೆಲುಬಿಗೆ ಸುಮಾರು 6 ವಾರ. ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿಗೆ 4ರಿಂದ 6 ತಿಂಗಳೂ ಹಿಡಿಯಬಹುದು. ಬೀಡಿ, ಸಿಗರೇಟು ಈ ಕಾಲವನ್ನು ಹೆಚ್ಚಿಸುತ್ತವೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಹೆಚ್ಚಿಸುತ್ತದೆ.

ಪಕ್ಕೆಲುಬು ಮುರಿದವರ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತುವ ವಾಡಿಕೆಯನ್ನು ಬಿಡಬೇಕು. ಉಸಿರು ಮೇಲುಮೇಲಾಗಿ ಸಾಗಿದರೆ ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ. ನೋವಿನ ಮಾತ್ರೆ ತೆಗೆದುಕೊಂಡು, ಎದೆಗೆ ದಿಂಬು ಒತ್ತಿ ಹಿಡಿದು, ಗಂಟೆಗೊಮ್ಮೆ ಕೆಲವು ಸಲ ದೀರ್ಘವಾಗಿ ಉಸಿರೆಳೆಯಬೇಕು, ಕೆಮ್ಮಬೇಕು. ಪ್ರಾಣಾಯಾಮ ಕಲಿತವರಿಗೆ ಇದು ಸುಲಭ. ಆದರೆ ಕಪಾಲಭಾತಿ, ಭಸ್ತ್ರಿಕಾ ಮುಂತಾದ ರಭಸದ ಅಭ್ಯಾಸಗಳು ಸದ್ಯಕ್ಕೆ ಬೇಡ.

ತರಚುಗಾಯಕ್ಕೆ ಅರಸಿನ, ತೆಂಗಿನೆಣ್ಣೆ ಹಚ್ಚಬಹುದೇ? ಮಳೆಗಾಲದಲ್ಲಿ ಏನು ಜಾಗ್ರತೆ ಬೇಕು?

ಡಾಮರಿನ ಮೇಲೆ ಉಜ್ಜಿಹೋದ ಚರ್ಮದೊಳಗೆ ಮರಳು, ಜಲ್ಲಿಯ ಪುಡಿ ಸೇರಿರುತ್ತದೆ. ಮೊದಲ ಕೆಲಸ ಶುದ್ಧವಾದ ಹರಿಯುವ ನೀರಿನಲ್ಲಿ ಅದನ್ನು ಪೂರ್ತಿ ತೊಳೆಯುವುದು. ಒಳಗುಳಿದರೆ ಸೋಂಕಿನ ಜೊತೆಗೆ ಚರ್ಮದಲ್ಲಿ ಕಪ್ಪು ಕಲೆಯೂ ಶಾಶ್ವತವಾಗಿ ಉಳಿಯುತ್ತದೆ. ಹಸಿ ಗಾಯಕ್ಕೆ ಅರಸಿನ ಪುಡಿ, ಕಾಫಿ ಪುಡಿ, ಸುಣ್ಣ ಯಾವುದೂ ಬೇಡ, ಏಕೆಂದರೆ ಆ ಪುಡಿಯನ್ನು ಮತ್ತೆ ಕೆರೆದು ತೆಗೆಯಬೇಕಾಗುತ್ತದೆ. ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಿದರೆ ಬೇಗ ಮಾಯುತ್ತದೆ ಎಂಬ ನಂಬಿಕೆ ಬಲವಾಗಿದೆ. ನಿಜವಾಗಿ ಹದವಾದ ತೇವವನ್ನು ಉಳಿಸುವ ಡ್ರೆಸಿಂಗ್ ಅಡಿಯಲ್ಲಿ ಚರ್ಮ ಬೇಗ ಬೆಳೆಯುತ್ತದೆ, ಕಲೆಯೂ ಕಡಿಮೆ. ಗಾಯ ಮಾಯ್ದು ಹೊಸ ಚರ್ಮ ಬಂದ ಮೇಲೆ ತೆಂಗಿನೆಣ್ಣೆ ಧಾರಾಳವಾಗಿ ಹಚ್ಚಬಹುದು. ಗಾಯ ಕೊಳಕಾಗಿದ್ದು, ಹಿಂದಿನ ಧನುರ್ವಾಯು ಚುಚ್ಚುಮದ್ದು ತೆಗೆದುಕೊಂಡು 5 ವರ್ಷ ಮೀರಿದ್ದರೆ ಮತ್ತೊಂದು ಡೋಸ್ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಡ್ರೆಸಿಂಗ್ ಒಣಗಿರುವುದು ಇನ್ನೂ ಕಷ್ಟ. ಒದ್ದೆಯಾದ ಪಟ್ಟಿಯನ್ನು ಮರುದಿನದವರೆಗೆ ಬಿಡದೆ ಆಗಲೇ ಬದಲಿಸಬೇಕು. ಇದಕ್ಕಿಂತ ಮುಖ್ಯವಾದ ಸಂಗತಿ ಇಲಿಜ್ವರ. ತೋಡಿನ, ಗದ್ದೆಯ, ಚರಂಡಿ ಉಕ್ಕಿದ ರಸ್ತೆಯ ನೀರು ತೆರೆದ ಗಾಯಕ್ಕೆ ತಾಗಿದರೆ ಲೆಪ್ಟೊಸ್ಪೈರಾ ಎಂಬ ರೋಗಾಣು ಒಳಸೇರಬಹುದು, ಮತ್ತು ಉಡುಪಿ, ದಕ್ಷಿಣ ಕನ್ನಡದ ಮಳೆಗಾಲಕ್ಕೆ ಈ ರೋಗ ಹೊಸದಲ್ಲ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಳ್ಳುತ್ತದೆ. ಅಪಘಾತವಾದವರಿಗೆ ಮೈಕೈ ನೋವು ಮೊದಲೇ ಇರುವುದರಿಂದ ಇದು ಗಮನಕ್ಕೆ ಬರುವುದು ತಡವಾಗುತ್ತದೆ. ಆದ್ದರಿಂದ ಚೇತರಿಕೆಯ ಅವಧಿಯಲ್ಲಿ ಜ್ವರ ಬಂದರೆ ಗಾಯ ಕೀವಾಗಿದೆಯೇ ಎಂದು ನೋಡುವುದರ ಜೊತೆಗೆ ಇಲಿಜ್ವರ, ಡೆಂಗೆ, ಮಲೇರಿಯಾ ಪರೀಕ್ಷೆಗಳ ಬಗ್ಗೆಯೂ ವೈದ್ಯರನ್ನು ಕೇಳಬೇಕು.

ಮೀನು, ಮೊಟ್ಟೆ ನಂಜು, ಗಾಯ ಮಾಯುವವರೆಗೆ ಕೊಡಬಾರದು ಎಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?

ನಮ್ಮ ಕಡೆ ಆಸ್ಪತ್ರೆಯಿಂದ ಬಂದವರಿಗೆ ಮೊದಲು ಸಿಗುವುದು ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿ. ಮೊದಲ ಎರಡು ದಿನಕ್ಕೆ ಅದು ಹಿತ. ಎರಡು ತಿಂಗಳು ಅದನ್ನೇ ಮುಂದುವರಿಸಿದರೆ ದೇಹವು ಎಲುಬನ್ನು ಯಾವುದರಿಂದ ಕಟ್ಟಬೇಕು? ದೊಡ್ಡ ಗಾಯವಾದವರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 1.2ರಿಂದ 1.5 ಗ್ರಾಂನಷ್ಟು ಪ್ರೋಟೀನ್ ಬೇಕಾಗುತ್ತದೆ. 60 ಕಿಲೋ ತೂಕದವರಿಗೆ 72ರಿಂದ 90 ಗ್ರಾಂ ಎಂದಾಯಿತು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಗಂಜಿ, ಚಟ್ನಿಯಿಂದ ಈ ಲೆಕ್ಕ ಹತ್ತಿರಕ್ಕೂ ಬರುವುದಿಲ್ಲ.

ಬಂಗುಡೆ, ಬೂತಾಯಿಗಳಲ್ಲಿ ಪ್ರೋಟೀನ್, ವಿಟಮಿನ್ ಡಿ, ಒಮೆಗಾ-3 ಎಲ್ಲವೂ ಇವೆ. ಮುಳ್ಳು ಮೆತ್ತಗಾಗುವವರೆಗೆ ಬೇಯಿಸಿದ ಸಣ್ಣ ಬೂತಾಯಿಯನ್ನು ಮುಳ್ಳಿನ ಸಮೇತ ತಿಂದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಇವು ಗಾಯವನ್ನು ಕೀವು ಮಾಡುತ್ತವೆ ಎನ್ನಲು ವೈದ್ಯಕೀಯ ಆಧಾರವಿಲ್ಲ. ಹಿಂದೆ ಮೀನು ತಿಂದು ಮೈ ತುರಿಸಿದವರು, ದದ್ದು ಎದ್ದವರು ಮಾತ್ರ ಅಲರ್ಜಿಯ ಕಾರಣಕ್ಕೆ ಬಿಡಬೇಕು. ಆದರೆ ಈ ವಾದವನ್ನು ಅತ್ತೆಯವರೊಡನೆ ಗೆಲ್ಲಲೇಬೇಕೆಂದಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಆಗ ಹೇಗೂ ಮೀನು ತುಟ್ಟಿ. ಹುರುಳಿ ಸಾರು, ಮೊಳಕೆ ಬರಿಸಿದ ಹೆಸರುಕಾಳಿನ ಗಸಿ, ಕಡಲೆ, ಮೊಸರು, ಹಾಲು, ರಾಗಿ ಅಂಬಲಿ, ನುಗ್ಗೆಸೊಪ್ಪಿನ ಪಲ್ಯ ಇವುಗಳ ಬಗ್ಗೆ ಯಾರ ತಕರಾರೂ ಇಲ್ಲ. ಸಸ್ಯಾಹಾರಿ ಮನೆಗಳಲ್ಲಿ ಪ್ರತಿ ಊಟಕ್ಕೂ ಒಂದು ಕಾಳಿನ ಪದಾರ್ಥ ಇರಲೇಬೇಕೆಂಬ ನಿಯಮ ಮಾಡಿಕೊಂಡರೆ ಸಾಕಷ್ಟು ಮಟ್ಟಿಗೆ ನಡೆಯುತ್ತದೆ. ಒಣಮೀನನ್ನು, ರಕ್ತದೊತ್ತಡ ಇರುವವರು, ಉಪ್ಪಿನ ಕಾರಣಕ್ಕೆ ಮಿತಗೊಳಿಸಬೇಕು. ಮಳೆಗಾಲದಲ್ಲಿ ಹಾಸಿಗೆ ಹಿಡಿದವರು ವಾರಗಟ್ಟಲೆ ಬಿಸಿಲು ಕಾಣುವುದಿಲ್ಲವಾದ್ದರಿಂದ ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು ಯೋಗ್ಯ.

ನಾಟಿ ವೈದ್ಯರಲ್ಲಿ ಕಟ್ಟಿಸಬಹುದೇ? ಆಯುರ್ವೇದದ ಎಣ್ಣೆ ಯಾವಾಗ ಶುರುಮಾಡಬಹುದು?

ಎಲುಬು ಮುರಿದಾಗ ಹಲವರು ಮೊದಲು ಕೇಳುವುದು ಪುತ್ತೂರು ಕಟ್ಟಿನ ಬಗ್ಗೆ. ಅದು ಹೆಸರಾಗಿರುವುದು ಆಂಧ್ರಪ್ರದೇಶದ ಪುತ್ತೂರಿನಿಂದ; ನಮ್ಮ ದಕ್ಷಿಣ ಕನ್ನಡದ ಪುತ್ತೂರಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಹಳ್ಳಿಗಳಲ್ಲಿಯೂ ಎಲುಬು ಕಟ್ಟುವವರಿದ್ದಾರೆ, ಅವರಲ್ಲಿ ಕೆಲವರ ಕೈಗುಣ ಚೆನ್ನಾಗಿರಲೂಬಹುದು. ಆದರೆ ಕಾರಿನ ಡಿಕ್ಕಿಯಿಂದ ಆದ ಮುರಿತ ಮರದಿಂದ ಬಿದ್ದ ಮುರಿತದಂತೆ ಸರಳವಾಗಿರುತ್ತದೆಂದು ಹೇಳಲಾಗದು. ಅದು ಹಲವು ಚೂರುಗಳಾಗಿರಬಹುದು, ಗಂಟಿನೊಳಗೆ ಹೋಗಿರಬಹುದು, ನರ ಅಥವಾ ರಕ್ತನಾಳವನ್ನು ಚುಚ್ಚಿರಬಹುದು. ಊದುತ್ತಿರುವ ಅಂಗಕ್ಕೆ ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿದರೆ ಒಳಗಿನ ಒತ್ತಡ ಏರಿ ರಕ್ತಸಂಚಾರವೇ ನಿಂತು, ಕೆಲವು ಗಂಟೆಗಳಲ್ಲಿ ಸ್ನಾಯುಗಳು ಸತ್ತುಹೋಗುತ್ತವೆ. ಬದುಕಿಡೀ ಬೆರಳುಗಳು ಮಡಚಿಯೇ ಉಳಿದವರಿದ್ದಾರೆ. ಆಸ್ಪತ್ರೆಯ ಪ್ಲಾಸ್ಟರ್ ಕೂಡ ಇದಕ್ಕೆ ಹೊರತಲ್ಲ. ಕಟ್ಟಿನ ಕೆಳಗೆ ಸಹಿಸಲಾಗದ ನೋವು, ಬೆರಳು ಜೋಮು ಹಿಡಿಯುವುದು, ಬಿಳಿಚಿ ತಣ್ಣಗಾಗುವುದು ಕಂಡರೆ ಮಧ್ಯರಾತ್ರಿಯಾದರೂ ಹೋಗಿ ಕಟ್ಟು ಸಡಿಲಿಸಬೇಕು.

ಎಣ್ಣೆಯ ವಿಷಯದಲ್ಲಿ ಮುಖ್ಯವಾಗುವುದು ಕಾಲ. ಮುರಿತ ಕೂಡುವ ಮೊದಲು, ಅದರಲ್ಲೂ ಮೊಣಕೈಯ ಸುತ್ತ, ಬಲವಾಗಿ ತಿಕ್ಕಿದರೆ ಸ್ನಾಯುವಿನೊಳಗೇ ಎಲುಬು ಬೆಳೆದು ಗಂಟು ಸೆಡೆತುಹೋಗುತ್ತದೆ. ಎಲುಬು ಕೂಡಿದೆಯೆಂದು ಮೂಳೆ ವೈದ್ಯರು ಹೇಳಿದ ಮೇಲೆ, ತೆರೆದ ಗಾಯ ಇಲ್ಲದಿದ್ದರೆ, ಅರ್ಹ ಆಯುರ್ವೇದ ವೈದ್ಯರ ಅಭ್ಯಂಗ (ಎಣ್ಣೆಯ ಮಾಲೀಶು), ಸ್ವೇದನ (ಬೆವರಿಸುವ ಶಾಖ) ಇವುಗಳಿಂದ ಬಿಗಿತ ಸಡಿಲಾಗುತ್ತದೆ, ನಿದ್ದೆ ಬರುತ್ತದೆ. ಅದಾದ ಕೂಡಲೇ ಫಿಸಿಯೋಥೆರಪಿಯ ವ್ಯಾಯಾಮ ಮಾಡಿದರೆ ಗಂಟು ಹೆಚ್ಚು ಬಗ್ಗುವುದೂ ಉಂಟು. ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯೇ ಇರುವಾಗ ದಾರಿಬದಿಯ ಮಾಲೀಶು ಕೇಂದ್ರಕ್ಕೆ ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ. ಒಳಗೆ ತೆಗೆದುಕೊಳ್ಳುವ ಕಷಾಯ, ಗುಳಿಗೆಗಳನ್ನು, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಇಬ್ಬರೂ ವೈದ್ಯರಿಗೆ ತಿಳಿಸದೆ ಶುರುಮಾಡಬಾರದು.

ಫಿಸಿಯೋಥೆರಪಿಯಲ್ಲಿ ನೋವಾಗುತ್ತದೆ. ನೋವಾದರೂ ಮಾಡಬೇಕೇ, ನಿಲ್ಲಿಸಬೇಕೇ?

ಬಿಗಿದ ಗಂಟನ್ನು ಬಗ್ಗಿಸುವಾಗ ಸ್ವಲ್ಪ ನೋವು ಇದ್ದೇ ಇರುತ್ತದೆ. ವ್ಯಾಯಾಮದ ನಂತರ ಹೆಚ್ಚಿದ ನೋವು ಮರುದಿನದೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಾಗಿದೆ. ಇಳಿಯದಿದ್ದರೆ, ಅಥವಾ ಗಂಟು ಊದಿಕೊಂಡರೆ, ಪ್ರಮಾಣ ಹೆಚ್ಚಾಯಿತು. ಪೂರ್ತಿ ನಿಲ್ಲಿಸದೆ ಕಡಿಮೆ ಮಾಡಬೇಕು.

ಕಟ್ಟಿನೊಳಗಿರುವ ಅಂಗಕ್ಕಿಂತ ಕಟ್ಟಿಲ್ಲದ ಗಂಟುಗಳು ಕೆಡುವುದೇ ಹೆಚ್ಚು ಬೇಸರದ ಸಂಗತಿ. ಕೈಯನ್ನು ಜೋಳಿಗೆಗೆ ಹಾಕಿದವರು ಮೊದಲ ದಿನದಿಂದಲೇ ಬೆರಳು, ಮಣಿಕಟ್ಟುಗಳನ್ನು ಆಡಿಸುತ್ತಿರಬೇಕು. ಭುಜ, ಮೊಣಕೈಗಳನ್ನು ವೈದ್ಯರು ಹೇಳಿದ ದಿನದಿಂದ ಆಡಿಸಬೇಕು. ಕಾಲಿಗೆ ಕಟ್ಟಿದವರು ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಿ, ತೊಡೆಯ ಸ್ನಾಯು ಬಿಗಿದು ಬಿಡುತ್ತಿರಬೇಕು. ಮೀನಖಂಡದಲ್ಲಿ ಒಮ್ಮೆಗೇ ಊತ, ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕಬಾರದು. ಜೊತೆಗೆ ಉಸಿರು ಕಟ್ಟಿದಂತಾದರೆ ಅದು ತುರ್ತು ಸ್ಥಿತಿ. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ಯಂತ್ರದ ಶಾಖ ತೆಗೆದುಕೊಂಡು ಬಂದು ಮನೆಯಲ್ಲಿ ಏನನ್ನೂ ಮಾಡದವರಿಗಿಂತ, ತಿಂಗಳಿಗೆರಡು ಸಲ ಹೋಗಿ ಕಲಿತದ್ದನ್ನು ಮನೆಯಲ್ಲಿ ದಿನವೂ ಮಾಡುವವರು ಮುಂದೆ ಹೋಗುತ್ತಾರೆ.

ನೋವಿನ ಮಾತ್ರೆಯನ್ನು ಮೆಡಿಕಲ್‌ನಿಂದ ನಾವೇ ತಂದು ನುಂಗಬಹುದೇ?

ಪ್ಯಾರಾಸಿಟಮಾಲ್ ಹೊರತು ಬೇರೆಯದನ್ನು ಕೇಳದೆ ನುಂಗಬೇಡಿ, ಅದನ್ನೂ ಹೇಳಿದ ಪ್ರಮಾಣ ಮೀರಿ ಬೇಡ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಮಾದರಿಯ ಮಾತ್ರೆಗಳು ತಲೆಪೆಟ್ಟಾದ ಮೊದಲ ದಿನಗಳಲ್ಲಿ ಮತ್ತು ಡೆಂಗೆ ಇರಬಹುದಾದ ಜ್ವರದಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ, ಮೂತ್ರಪಿಂಡಕ್ಕೂ ಭಾರ.

ನಮ್ಮದು ಹಳೆಯ ಹಂಚಿನ ಮನೆ. ಕಾಲಿಗೆ ಶಸ್ತ್ರಚಿಕಿತ್ಸೆಯಾದವರಿಗೆ ಏನು ವ್ಯವಸ್ಥೆ ಮಾಡಬೇಕು?

ಎತ್ತರದ ಹೊಸ್ತಿಲು, ಹೊರಗಿರುವ ಬಚ್ಚಲು, ಪಾಚಿ ಹಿಡಿದ ಅಂಗಳ, ಕುಕ್ಕರಗಾಲಿನ ಶೌಚಾಲಯ ಈ ನಾಲ್ಕರ ಬಗ್ಗೆ ಡಿಸ್ಚಾರ್ಜ್‌ಗೆ ಮೊದಲೇ ಯೋಚಿಸಬೇಕು. ಶೌಚಕ್ಕೆ ಕಮೋಡ್ ಕುರ್ಚಿ, ಬಚ್ಚಲಿನಲ್ಲಿ ಕೂತು ಮೀಯಲು ಗಟ್ಟಿಯಾದ ಸ್ಟೂಲ್, ನಡೆಯುವ ದಾರಿಯ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೆಗೆಯುವುದು, ಊರುಗೋಲಿನ ರಬ್ಬರು ಸವೆದಿದ್ದರೆ ಬದಲಿಸುವುದು ಇಷ್ಟಾದರೆ ಎರಡನೆಯ ಬೀಳುವಿಕೆ ತಪ್ಪುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಜಗಲಿಯಲ್ಲಿ ಮಂಚ ಹಾಕಿದರೆ ಗಾಳಿಬೆಳಕಿನ ಜೊತೆ ಬಂದುಹೋಗುವವರ ಮಾತೂ ಸಿಗುತ್ತದೆ. ಒಳಕೋಣೆಯಲ್ಲಿ ಒಬ್ಬರೇ ಮಲಗಿರುವುದು ಮನಸ್ಸಿಗೆ ಒಳ್ಳೆಯದಲ್ಲ.

ಮೈ ಗುಣವಾಗಿದೆ. ಆದರೆ ರಸ್ತೆ ಕಂಡರೆ ನಡುಕ, ರಾತ್ರಿ ಅದೇ ಕನಸು. ಇದು ಮನಸ್ಸಿನ ದೌರ್ಬಲ್ಯವೇ?

ದೌರ್ಬಲ್ಯವಲ್ಲ. ಸಾವು ಹತ್ತಿರ ಬಂದುಹೋದದ್ದನ್ನು ಮಿದುಳು ಮರೆಯಲೊಲ್ಲದೆ ಕಾವಲು ಕಾಯುತ್ತಿರುತ್ತದೆ. ಮೊದಲ ಕೆಲವು ವಾರಗಳಲ್ಲಿ ಹೀಗಾಗುವುದು ಬಹಳ ಸಾಮಾನ್ಯ, ಹೆಚ್ಚಿನವರಲ್ಲಿ ತಾನಾಗಿ ತಗ್ಗುತ್ತದೆ. ಒಂದು ತಿಂಗಳು ಕಳೆದರೂ ಅದೇ ದೃಶ್ಯ ಮರುಕಳಿಸುವುದು, ಆ ರಸ್ತೆಯನ್ನೇ ತಪ್ಪಿಸಿ ಸುತ್ತಿ ಹೋಗುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಮನೆಯವರ ಮೇಲೆ ರೇಗುವುದು ಮುಂದುವರಿದು ದಿನನಿತ್ಯದ ಬದುಕಿಗೆ ಅಡ್ಡಿಯಾದರೆ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಎಂದು ಪರಿಗಣಿಸಿ ಚಿಕಿತ್ಸೆ ಕೊಡುತ್ತಾರೆ. ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಸಿಬಿಟಿ ಮತ್ತು ಇಎಂಡಿಆರ್ ಎಂಬ ಮಾತಿನ ಚಿಕಿತ್ಸೆಗಳು ಇದಕ್ಕೆ ಫಲಕಾರಿ. ಆಸ್ಪತ್ರೆಗೆ ಹೋಗಲು ಸಂಕೋಚವಾದರೆ ಕೇಂದ್ರ ಸರಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಹೆದರಿಕೆಗೆ ನೂಲು ಕಟ್ಟಿಸುವುದು, ದೈವಸ್ಥಾನದಲ್ಲಿ ಹರಕೆ ಹೇಳಿಕೊಳ್ಳುವುದು ನಮ್ಮಲ್ಲಿ ನಡೆದುಬಂದದ್ದು. ಮನೆಮಂದಿಯೆಲ್ಲ ಜೊತೆಗಿದ್ದಾರೆಂಬ ಧೈರ್ಯ ಅದರಿಂದ ಬರುತ್ತದಾದರೆ ಬೇಡವೆನ್ನಲು ಕಾರಣವಿಲ್ಲ. ಅದರ ಜೊತೆ ಚಿಕಿತ್ಸೆಯೂ ಇರಲಿ. ಕೆಡುಕು ಮಾಡುವುದು ಬೇರೆಯೇ ಇದೆ: "ಗಂಡಸಾಗಿ ಹೀಗೆ ಹೆದರುತ್ತೀಯಾ" ಎಂಬ ಮಾತು, ಮತ್ತು ನಿದ್ದೆ ಬರಲೆಂದು ಸಂಜೆ ಕುಡಿಸುವ ಗೆಳೆಯರು.

ಖರ್ಚು ಯಾರು ಭರಿಸಬೇಕು? ಸೈಕಲ್‌ಗೆ ವಿಮೆ ಇಲ್ಲವಲ್ಲ.

ಸೈಕಲ್‌ಗೆ ವಿಮೆಯೂ ಬೇಡ, ಪರವಾನಗಿಯೂ ಬೇಡ. ಕಾರಿಗೆ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ, ಮತ್ತು ಆ ಮೂರನೆಯ ವ್ಯಕ್ತಿ ನೀವೇ. ಹೆಲ್ಮೆಟ್ ಹಾಕಿರಲಿಲ್ಲ ಎಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಹೆಲ್ಮೆಟ್ ನಿಯಮ ಸೈಕಲ್ ಸವಾರರಿಗೆ ಅನ್ವಯಿಸುವುದಿಲ್ಲ. ಹಾಕಿಕೊಳ್ಳುವುದು ಜಾಣತನ ಎಂಬುದು ಬೇರೆ ಮಾತು.

2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ಮೋಟಾರು ವಾಹನದಿಂದ ಅಪಘಾತಕ್ಕೊಳಗಾದ ಯಾರಿಗಾದರೂ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ 7 ದಿನಗಳವರೆಗೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ ಚಿಕಿತ್ಸೆ ಸಿಗಬೇಕು. ಬಿಪಿಎಲ್ ಪಡಿತರ ಚೀಟಿ ಇದ್ದವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಬಗ್ಗೆಯೂ ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಬೇಕು. ಡಿಕ್ಕಿ ಹೊಡೆದು ಪರಾರಿಯಾದ ಕಾರು ಪತ್ತೆಯಾಗದಿದ್ದರೆ ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವನ್ನು 2022ರ ಯೋಜನೆ ನಿಗದಿಪಡಿಸಿದೆ.

ಪೂರ್ಣ ಪರಿಹಾರಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಕಾಯ್ದೆಯಲ್ಲಿರುವ ಅವಧಿ ಅಪಘಾತದ ದಿನದಿಂದ 6 ತಿಂಗಳು. ನೋವು ಪೂರ್ತಿ ಹೋಗಲಿ ಎಂದು ಕಾಯುತ್ತ ಕೂರಬಾರದು. ಅಪಘಾತ ನಡೆದ ಊರಿನಲ್ಲಷ್ಟೇ ಅಲ್ಲದೆ ನೀವು ವಾಸವಿರುವ ಊರಿನಲ್ಲೂ ಅರ್ಜಿ ಹಾಕಬಹುದಾದ್ದರಿಂದ, ಮಲ್ಪೆಯಲ್ಲಿ ದುಡಿಯುತ್ತಿದ್ದು ಗಾಯಗೊಂಡು ಊರಿಗೆ ಮರಳಿದ ಉತ್ತರ ಕರ್ನಾಟಕದ ಕಾರ್ಮಿಕರಿಗೂ ದಾರಿಯಿದೆ. ವಕೀಲರ ಶುಲ್ಕ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ವರಮಾನದವರು ಉಚಿತ ನೆರವಿಗೆ ಅರ್ಹರು. ಸ್ಥಳದಲ್ಲೇ ಐದೋ ಹತ್ತೋ ಸಾವಿರ ಕೊಟ್ಟು ರಾಜಿಗೆ ಸಹಿ ಕೇಳುವವರಿಗೆ ಆ ದಿನ ಒಪ್ಪಬೇಡಿ. ನಿಮ್ಮ ಗಾಯ ಎಷ್ಟೆಂದು ಆ ದಿನ ನಿಮಗೇ ತಿಳಿದಿರುವುದಿಲ್ಲ.

ಕೆಲಸಕ್ಕೆ ಮರಳಲು ಆಗದಷ್ಟು ಊನ ಉಳಿದರೆ?

ಒಂದು ಕಾಲಿಗೆ ಶೇಕಡಾ 30 ಊನ ಎಂದು ವೈದ್ಯರು ಬರೆದರೆ ಗಳಿಕೆಯೂ ಶೇಕಡಾ 30ರಷ್ಟೇ ಕಡಿಮೆಯಾಯಿತೆಂದು ಅರ್ಥವಲ್ಲ. ಮೇಜಿನ ಮುಂದೆ ಕೂತು ದುಡಿಯುವವರಿಗೆ ಅದು ಅಲ್ಪ ನಷ್ಟವಾಗಬಹುದು. ದೋಣಿಯಲ್ಲಿ ನಿಂತು ಬಲೆ ಎಳೆಯುವವರಿಗೋ ಅಡಕೆ ಮರ ಏರುವವರಿಗೋ ಜೀವನೋಪಾಯವೇ ಹೋಗಬಹುದು. 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನೇ ವಿವರಿಸಿದೆ. ಆದ್ದರಿಂದ ನೀವು ನಿಜವಾಗಿ ಮಾಡುತ್ತಿದ್ದ ಕೆಲಸದ ವಿವರ, ಸಂಬಳದ ಅಥವಾ ಕೂಲಿಯ ದಾಖಲೆ, ಮನೆಯಲ್ಲಿ ನೋಡಿಕೊಂಡವರ ಖರ್ಚು, ಫಿಸಿಯೋಥೆರಪಿಗೆ ಹೋದ ರಿಕ್ಷಾ ಬಾಡಿಗೆ ಎಲ್ಲದರ ಚೀಟಿ ಇಟ್ಟುಕೊಳ್ಳಬೇಕು. ಊನ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಾಗಿ ಶಾಶ್ವತವಾಗಿದ್ದರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು.

ಮತ್ತೆ ಸೈಕಲ್ ಏರುವುದು ಯಾವಾಗ?

ತಾರೀಕಿಗಿಂತ ದೇಹದ ಶಕ್ತಿಯನ್ನು ನೋಡಿ ತೀರ್ಮಾನಿಸಬೇಕು. ಎಲುಬು ಕೂಡಿದೆಯೆಂದು ವೈದ್ಯರು ಒಪ್ಪಿರಬೇಕು, ಎರಡೂ ಕೈಗಳಿಂದ ಬ್ರೇಕನ್ನು ನೋವಿಲ್ಲದೆ ಬಲವಾಗಿ ಹಿಡಿಯಲು ಬರಬೇಕು, ತಲೆಯನ್ನು ಹಿಂದಕ್ಕೆ ತಿರುಗಿಸಿ ಬರುವ ವಾಹನ ನೋಡಲು ಕುತ್ತಿಗೆ ಬಗ್ಗಬೇಕು, ಪೆಟ್ಟಾದ ಕಾಲಿನ ಮೇಲೊಂದರಲ್ಲೇ ಕೆಲವು ಕ್ಷಣ ನಿಲ್ಲಲು ಆಗಬೇಕು, ತಲೆಪೆಟ್ಟಿನ ಲಕ್ಷಣ ಯಾವುದೂ ಉಳಿದಿರಬಾರದು. ನಿದ್ದೆ ತರಿಸುವ ಮಾತ್ರೆ ನುಂಗುತ್ತಿರುವಾಗ ಸವಾರಿ ಸಲ್ಲದು.

ಮೊದಲು ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್, ಆಮೇಲೆ ಮೈದಾನ, ಆಮೇಲೆ ವಾಹನ ವಿರಳವಾದ ಸಮತಟ್ಟು ರಸ್ತೆ. ಪಡುಕೆರೆಯ ಕಡಲತೀರದ ರಸ್ತೆ ಬೆಳಗಿನ ಹೊತ್ತು ಇದಕ್ಕೆ ಹೇಳಿಮಾಡಿಸಿದಂತಿದೆ. ಮಣಿಪಾಲದ ಏರು, ಕದ್ರಿಯ ಏರು ಬಹಳ ತಡವಾಗಿ ಬರಲಿ. ಡಿಕ್ಕಿಯಾದ ಜಾಗಕ್ಕೆ ಮೊದಲ ಸಲ ಸೈಕಲ್‌ನಲ್ಲಿ ಹೋಗದೆ, ನಂಬಿಕೆಯ ಒಬ್ಬರ ಜೊತೆ ನಡೆದು ಹೋಗಿ ಸ್ವಲ್ಪ ಹೊತ್ತು ನಿಂತು ಬರುವುದು ಉತ್ತಮ. ಮತ್ತೆಂದೂ ಹೆದ್ದಾರಿಯಲ್ಲಿ ತುಳಿಯುವುದಿಲ್ಲ ಎಂದು ನಿರ್ಧರಿಸುವುದೂ ಸೋಲಲ್ಲ. ಹೊಸ ಮಳೆಯ ಮೊದಲ ದಿನಗಳಲ್ಲಿ ಎಣ್ಣೆ ತೇಲುವ ರಸ್ತೆ ಎಲ್ಲರಿಗೂ ಜಾರುತ್ತದಾದ್ದರಿಂದ ಮರಳುವ ಕಾಲ ಜೂನ್‌ಗೆ ಬಿದ್ದರೆ ಇನ್ನೆರಡು ತಿಂಗಳು ಮನೆಯೊಳಗೇ ತುಳಿಯುವುದು ಲೇಸು.

ಅದೇ ಸೈಕಲ್, ಅದೇ ಹೆಲ್ಮೆಟ್ ಬಳಸಬಹುದೇ?

ಹೆಲ್ಮೆಟ್ ಬೇಡ. ಅದರೊಳಗಿನ ಥರ್ಮೊಕೋಲ್‌ನಂಥ ಪದರ ಒಂದು ಸಲ ಅದುಮಿಕೊಂಡರೆ ಹೊರಗೆ ಬಿರುಕು ಕಾಣದಿದ್ದರೂ ಮುಂದಿನ ಪೆಟ್ಟನ್ನು ತಡೆಯುವುದಿಲ್ಲ. ಉಕ್ಕಿನ ಸೈಕಲ್ ಆದರೆ ಮುಂದಿನ ಫೋರ್ಕ್ ಬಾಗಿದೆಯೇ, ಚಕ್ರ ಓಲಾಡುತ್ತದೆಯೇ ಎಂದು ರಿಪೇರಿಯವರಿಂದ ನೋಡಿಸಿ ಬಳಸಬಹುದು. ಕಾರ್ಬನ್ ಚೌಕಟ್ಟಿನ ಒಳಬಿರುಕು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ತಿಳಿದವರ ಪರೀಕ್ಷೆಯಿಲ್ಲದೆ ಏರಬಾರದು. ಆದರೆ ಯಾವುದನ್ನೂ ರಿಪೇರಿ ಮಾಡಿಸುವ ಅಥವಾ ಎಸೆಯುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟುಕೊಂಡು, ಪೊಲೀಸರ ಮತ್ತು ವಿಮೆಯವರ ತಪಾಸಣೆ ಮುಗಿದಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.